‘ಅರಿವಿನ ಕೊರತೆ’ ಅನ್ನೋ ಉತ್ತರದ ಆಚೆಗೆ: ಆರೋಗ್ಯ ಮನೋವಿಜ್ಞಾನ ಕಲಿಸುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

‘ಬಿಪಿ ಮಾತ್ರೆಯನ್ನು ಜನ ಅರ್ಧಕ್ಕೇ ನಿಲ್ಲಿಸುವುದೇಕೆ?’ ಎಂದು ಡಿಗ್ರಿ ಮಕ್ಕಳನ್ನು ಕೇಳಿ ನೋಡಿ. ಮುಕ್ಕಾಲು ತರಗತಿ ಬರೆಯುವ ಉತ್ತರ ಒಂದೇ: ‘ಜನರಲ್ಲಿ ಅರಿವಿನ ಕೊರತೆ ಇದೆ.’ ಗುಟ್ಕಾ ಯಾಕೆ ಬಿಡುವುದಿಲ್ಲ? ಅರಿವಿನ ಕೊರತೆ. ಶುಗರ್ ಪರೀಕ್ಷೆಗೆ ಯಾಕೆ ಬರುವುದಿಲ್ಲ? ಅದೇ ಉತ್ತರ. ಹೀಗೆ ಬರೆದ ಹುಡುಗನ ಮನೆಯಲ್ಲೇ ಮಾತ್ರೆ ನಿಲ್ಲಿಸಿದ ಅಪ್ಪ ಇರುತ್ತಾರೆ. ಮಾತ್ರೆ ಬಿಟ್ಟರೆ ಏನಾಗುತ್ತದೆ ಅಂತ ಆ ಅಪ್ಪನಿಗೆ ಚೆನ್ನಾಗಿಯೇ ಗೊತ್ತಿರುತ್ತದೆ.

ನಾನು ಹಾಸನದಲ್ಲಿ ಮನೋವಿಜ್ಞಾನ ಕಲಿಸುತ್ತೇನೆ. ಅರಕಲಗೂಡು, ಆಲೂರು, ಸಕಲೇಶಪುರ, ಬೇಲೂರು, ಅರಸೀಕೆರೆ ಕಡೆಯಿಂದ ಬಸ್ಸಿನಲ್ಲಿ ಬರುವ ಮಕ್ಕಳು ನಮ್ಮವರು. ಈ ವಿಷಯ ಕಲಿಸುವಾಗ ಆಗಬೇಕಾದ ದೊಡ್ಡ ಕೆಲಸ ಒಂದೇ ಎಂದು ನಾನು ನಂಬಿದ್ದೇನೆ. ಆರೋಗ್ಯದ ವಿಚಾರದಲ್ಲಿ ಒಬ್ಬರು ಮಾಡುವುದಕ್ಕೂ ಬಿಡುವುದಕ್ಕೂ ಅವರ ದಿನಚರಿ, ದುಡ್ಡು, ಮನೆ, ನಂಬಿಕೆ ಇವುಗಳ ಒಳಗೆ ಒಂದು ಕಾರಣ ಇರುತ್ತದೆ. ಆ ಕಾರಣ ಮಕ್ಕಳಿಗೆ ಕಾಣಬೇಕು. ಸಿದ್ಧಾಂತಗಳು ಬೇಕಾಗಿರುವುದು ಅದಕ್ಕೇ.

ಡಿಗ್ರಿ ಕಾಲೇಜಿನ ಅಧ್ಯಾಪಕರು, ನರ್ಸಿಂಗ್ ಶಾಲೆಯಲ್ಲಿ ಪಾಠ ಮಾಡುವವರು, ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡುವವರು, ಇವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಒಂದು ಸೆಮಿಸ್ಟರ್‌ಗೆ ಆಗುವಷ್ಟು ಕೆಲಸ ಇದೆ. ಸಮಯ ಕಡಿಮೆ ಇದ್ದರೆ 1, 4 ಮತ್ತು 7ನೇ ಹಂತ ಬಿಡಬೇಡಿ.

ಹಂತ 1: ಪುಸ್ತಕ ತೆರೆಯುವ ಮೊದಲು ಮನೆಯ ಸುದ್ದಿ ತರಿಸಿ

ಮೊದಲ ವಾರ ಸಿದ್ಧಾಂತ ಬೇಡ. ಪ್ರತಿಯೊಬ್ಬರೂ ತಮ್ಮ ಮನೆಯ ಅಥವಾ ಬೀದಿಯ ಒಬ್ಬರನ್ನು ಗಮನಿಸಲಿ. ಆ ವ್ಯಕ್ತಿ ಆರೋಗ್ಯಕ್ಕಾಗಿ ಮಾಡುವ ಅಥವಾ ಮಾಡದೆ ಬಿಡುವ ಒಂದೇ ಒಂದು ಕೆಲಸದ ಬಗ್ಗೆ ಅರ್ಧ ಪುಟ ಬರೆಯಲಿ. ಅದರ ಕೆಳಗೆ ಆ ವ್ಯಕ್ತಿ ಕೊಟ್ಟ ಕಾರಣ, ಅವರ ಮಾತಿನಲ್ಲೇ ಇರಲಿ. ತಿದ್ದುವುದು ಬೇಡ, ಪುಸ್ತಕದ ಕನ್ನಡಕ್ಕೆ ತರುವುದೂ ಬೇಡ.

ಇದಕ್ಕೆ ಕೆಲವು ಕಟ್ಟುನಿಟ್ಟು ಬೇಕು. ಕೇಳುವ ಮೊದಲು ಒಪ್ಪಿಗೆ ಪಡೆಯಬೇಕು. ಹೆಸರು ಬರೆಯಬಾರದು, ‘60 ದಾಟಿದ ಒಬ್ಬ ಹೆಂಗಸು’ ಅಂದರೆ ಸಾಕು. ಆ ಹೊತ್ತಿನಲ್ಲಿ ಬುದ್ಧಿ ಹೇಳಬಾರದು, ಸುಮ್ನೆ ಕೇಳಿಸಿಕೊಳ್ಳಬೇಕು. ಮನೆಯವರು ಮುಚ್ಚಿಟ್ಟುಕೊಂಡಿರುವ ಕಾಯಿಲೆಗಳನ್ನು ಮುಟ್ಟಬಾರದು. ನಮ್ಮ ಊರುಗಳು ಚಿಕ್ಕವು. ಹೆಸರು ಬಿಟ್ಟರೂ ಊರು, ಕಸುಬು, ವಯಸ್ಸು ಮೂರೂ ಸೇರಿದರೆ ಇಂಥವರೇ ಎಂದು ಗೊತ್ತಾಗಿಬಿಡುತ್ತದೆ. ಅದನ್ನು ಮಕ್ಕಳಿಗೆ ಬಿಡಿಸಿ ಹೇಳಿ.

ಒಬ್ಬ ವಿದ್ಯಾರ್ಥಿನಿ ಬರೆದು ತಂದದ್ದನ್ನು ನಾನು ಪಾಠದುದ್ದಕ್ಕೂ ಬಳಸುತ್ತೇನೆ. ಒಬ್ಬ ಅಜ್ಜಿ ಬಿಪಿ ಮಾತ್ರೆಯ ಶೀಟನ್ನು ಕತ್ತರಿಯಲ್ಲಿ ಒಂದೊಂದಾಗಿ ಕತ್ತರಿಸಿ, ಅಡುಗೆಮನೆಯ ಸಾಸಿವೆ ಡಬ್ಬಿಯ ಪಕ್ಕದ ಖಾಲಿ ಡಬ್ಬಿಯಲ್ಲಿ ಹಾಕಿಡುತ್ತಾರೆ. ತೋಟಕ್ಕೆ ಹೋಗುವಾಗ ಒಂದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾರೆ. ತಲೆ ಗಿರ್ರ್ ಅಂದರೆ ಅವತ್ತು ನುಂಗುತ್ತಾರೆ, ಇಲ್ಲದಿದ್ದರೆ ಸಂಜೆ ಅದು ಮತ್ತೆ ಡಬ್ಬಿಗೆ ಬರುತ್ತದೆ. ಕಾರಣ ಕೇಳಿದರೆ ಅಜ್ಜಿ ಹೇಳಿದ್ದು: ‘ದಿನಾ ನುಂಗಿದ್ರೆ ಮೈಗೆ ಒಗ್ಗೋಗುತ್ತೆ. ಆಮೇಲೆ ಬೇಕಾದಾಗ ಕೆಲ್ಸ ಮಾಡಲ್ಲ.’

ಮಾತ್ರೆಯ ವಿಷಯದಲ್ಲಿ ಈ ಲೆಕ್ಕ ತಪ್ಪು, ಅಪಾಯದ್ದು ಕೂಡ. ಆದರೆ ಕತ್ತರಿ, ಡಬ್ಬಿ, ಸೆರಗಿನ ಗಂಟು ಇದನ್ನೆಲ್ಲ ನೋಡಿದ ಮೇಲೆ ಈ ಅಜ್ಜಿಗೆ ತನ್ನ ಆರೋಗ್ಯದ ಮೇಲೆ ಕಾಳಜಿ ಇಲ್ಲ ಎಂದು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಪಾಠ ಅಲ್ಲಿಂದ ಶುರುವಾಗಬೇಕು. ಇಂಥ ಬರಹಗಳನ್ನೆಲ್ಲ ಒಂದು ಫೈಲಿನಲ್ಲಿ ಇಡಿ. ಮುಂದೆ ಯಾವ ಸಿದ್ಧಾಂತ ಬಂದರೂ ಉದಾಹರಣೆ ಈ ಫೈಲಿನಿಂದಲೇ ಬರಲಿ. ಮತ್ತೆ ಮೊದಲ ತಿಂಗಳು ‘ಅರಿವಿನ ಕೊರತೆ’ ಅನ್ನೋ ಉತ್ತರಕ್ಕೆ ತರಗತಿಯಲ್ಲಿ ಅವಕಾಶ ಕೊಡಬೇಡಿ. ಅರಿವು ನಿಜಕ್ಕೂ ಇಲ್ಲದ ಕಡೆ ಯಾವ ಅರಿವು, ಯಾರಿಗೆ, ಯಾವುದರ ಬಗ್ಗೆ ಎಂದು ಬಿಡಿಸಿ ಬರೆದರೆ ಒಪ್ಪಿಕೊಳ್ಳಿ.

ಹಂತ 2: ಎಕ್ಸ್‌ರೇ ವ್ಯಾನಿನಿಂದ ಕೊಪ್ಪದ ಕಾಡಿಗೆ

ಕಾಯಿಲೆಯನ್ನು ದೇಹ, ಮನಸ್ಸು, ಸಮಾಜ ಮೂರೂ ಕಡೆಯಿಂದ ನೋಡಬೇಕು ಎಂದು ಅಮೆರಿಕದ ವೈದ್ಯ ಜಾರ್ಜ್ ಎಂಗೆಲ್ 1977ರಲ್ಲಿ ವಾದಿಸಿದರು. ಇದನ್ನು ಅರ್ಧ ಗಂಟೆಯಲ್ಲಿ ಹೇಳಿ ಮುಂದೆ ಹೋಗಿ. ಮಕ್ಕಳಿಗೆ ಇದು ಸುಲಭ. ಹೊಟ್ಟೆಕಿಚ್ಚಿಗೂ ಹೊಟ್ಟೆನೋವಿಗೂ ಸಂಬಂಧ ಕಲ್ಪಿಸುವ ಮನೆಗಳಲ್ಲಿ ಬೆಳೆದವರು ಅವರು.

ನಿಂತು ಪಾಠ ಮಾಡಬೇಕಾದದ್ದು ಆರೋಗ್ಯ ನಂಬಿಕೆ ಮಾದರಿಯನ್ನು. ಅದು ಹುಟ್ಟಿದ ಕತೆ ಹೇಳಿ. 1950ರ ದಶಕದಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಇಲಾಖೆ ಟಿಬಿ ಪತ್ತೆಗೆ ಎಕ್ಸ್‌ರೇ ವ್ಯಾನುಗಳನ್ನು ಜನರ ಹತ್ತಿರಕ್ಕೇ ಕಳಿಸಿತು. ಪರೀಕ್ಷೆ ಪುಕ್ಕಟೆ. ಆದರೂ ಅಂದುಕೊಂಡಷ್ಟು ಜನ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಹುಡುಕಿದವರು ಗಾಡ್‌ಫ್ರೀ ಹಾಕ್‌ಬಾಮ್, ಇರ್ವಿನ್ ರೋಸೆನ್‌ಸ್ಟಾಕ್ ಮುಂತಾದ ಮನೋವಿಜ್ಞಾನಿಗಳು. ಅವರಿಗೆ ಸಿಕ್ಕ ಉತ್ತರದ ಸಾರ ಇಷ್ಟು. ‘ನನಗೆ ಬರಬಹುದು’ ಅನ್ನಿಸಬೇಕು. ‘ಬಂದರೆ ಕಷ್ಟ’ ಅನ್ನಿಸಬೇಕು. ‘ಇದನ್ನು ಮಾಡಿದರೆ ಲಾಭ ಇದೆ’ ಅನ್ನಿಸಬೇಕು. ಅಡ್ಡಿಗಳು ಆ ಲಾಭಕ್ಕಿಂತ ದೊಡ್ಡವಾಗಿ ಕಾಣಬಾರದು. ಕೊನೆಗೆ, ಈಗಲೇ ಹೊರಡು ಎಂದು ತಟ್ಟಿ ಎಬ್ಬಿಸುವ ಏನೋ ಒಂದು ಸೂಚನೆ ಬೇಕು. ‘ನನ್ನ ಕೈಲಾಗುತ್ತೆ’ ಅನ್ನೋ ನಂಬಿಕೆ 1988ರಲ್ಲಿ ಈ ಪಟ್ಟಿಗೆ ಸೇರಿತು.

ಇಷ್ಟು ಹೇಳಿದ ಮೇಲೆ ಅಮೆರಿಕದ ವ್ಯಾನನ್ನು ಅಲ್ಲೇ ಬಿಟ್ಟು ಪಕ್ಕದ ಚಿಕ್ಕಮಗಳೂರು ಜಿಲ್ಲೆಗೆ ಬನ್ನಿ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಜನಕ್ಕೂ ಇದು ಹೊಸದಲ್ಲ. ಸೋಂಕಿರುವ ಉಣುಗು ಕಚ್ಚಿದರೆ ರೋಗ ಬರುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಹಾವಳಿ ಜಾಸ್ತಿ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿಕೊಳ್ಳಲಿ ಎಂದು ಆರೋಗ್ಯ ಇಲಾಖೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆಯನ್ನು ಪುಕ್ಕಟೆ ಹಂಚುತ್ತದೆ. ಎಣ್ಣೆ ಮನೆಗೆ ಬಂದಿದೆ, ರೋಗದ ಹೆಸರು ಮಕ್ಕಳಿಗೂ ಗೊತ್ತಿದೆ. ಆದರೂ ಎಷ್ಟೋ ಮನೆಗಳಲ್ಲಿ ಸೀಸೆ ತುಂಬಿದ ಹಾಗೇ ಇರುತ್ತದೆ.

ಬೋರ್ಡಿನ ಮೇಲೆ ಮಾದರಿಯ ಅಂಶಗಳನ್ನು ಬರೆದು, ಒಂದೊಂದರ ಕೆಳಗೂ ಕಾಡಂಚಿನ ಒಬ್ಬ ಹೆಂಗಸಿನ ಕಡೆಯಿಂದ ಮಾತು ಬರೆಸಿ. ‘ಹುಟ್ಟಿದಾಗಿಂದ ಕಾಡಿಗೆ ಹೋಗ್ತಿದೀನಿ, ನಂಗೇನೂ ಆಗಿಲ್ಲ.’ ‘ಹಚ್ಕೊಂಡ್ರೆ ಮೈಯೆಲ್ಲ ಜಿಡ್ಡು, ಬೆವರಿಗೆ ಅರ್ಧ ಗಂಟೆಲಿ ಹೋಗುತ್ತೆ.’ ‘ದರಗು (ಒಣ ಎಲೆ) ತರೋಕೆ ಹೊರಟಿದ್ದು, ಅದಕ್ಕೂ ಎಣ್ಣೆ ಹಚ್ಕೊಂಡು ಹೋಗ್ಬೇಕಾ?’ ಇಂಥವನ್ನೆಲ್ಲ ಮಕ್ಕಳೇ ಹೇಳುತ್ತಾರೆ. ಆ ಕಡೆಯ ಮಕ್ಕಳಿದ್ದರೆ ಅವರ ಮಾತಿಗೆ ಮೊದಲ ಜಾಗ ಕೊಡಿ. ಉಣುಗಿನ ಕಾಲ, ಕಾಫಿ ಕೊಯ್ಲಿನ ಕಾಲ, ಕೊಟ್ಟಿಗೆಗೆ ದರಗು ಗುಡಿಸುವ ಕಾಲ ಒಂದರ ಮೇಲೊಂದು ಬರುತ್ತವೆ. ಅಪಾಯ ಜಾಸ್ತಿ ಇರುವ ತಿಂಗಳುಗಳಲ್ಲೇ ಕೆಲಸ ಬಿಟ್ಟು ಕೂರಲು ಆಗುವುದಿಲ್ಲ. ಮಾದರಿಯಲ್ಲಿ ‘ಅಡ್ಡಿ’ ಎಂದು ಒಂದು ಸಾಲಿನಲ್ಲಿ ಬರುವುದು ಬದುಕಿನಲ್ಲಿ ಇಷ್ಟು ದೊಡ್ಡದಾಗಿರುತ್ತದೆ ಎಂದು ಆಗ ಅವರಿಗೆ ತಿಳಿಯುತ್ತದೆ.

ಹಂತ 3: ಭಯ ಎಷ್ಟು ದೂರ ಕರೆದೊಯ್ಯುತ್ತದೆ

ಆರೋಗ್ಯದ ಪೋಸ್ಟರ್ ಮಾಡಿ ಎಂದರೆ ಮಕ್ಕಳು ತಲೆಬುರುಡೆ ಬಿಡಿಸುತ್ತಾರೆ. ಹೆದರಿಸಿದರೆ ಜನ ಬದಲಾಗುತ್ತಾರೆ ಅನ್ನೋ ನಂಬಿಕೆ ಅಷ್ಟು ಗಟ್ಟಿಯಾಗಿದೆ. ಅದನ್ನು ಪರೀಕ್ಷಿಸಲು ನಮ್ಮ ಜಿಲ್ಲೆಯ ಅನುಭವವೇ ಸಾಕು.

2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳು ರಾಜ್ಯವಿಡೀ ಸುದ್ದಿಯಾದವು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು. ಸರ್ಕಾರ ನೇಮಿಸಿದ ತಜ್ಞರ ಸಮಿತಿಗೆ ಜಿಲ್ಲೆಯಲ್ಲಿ ಹೃದಯಾಘಾತ ಅಸಹಜವಾಗಿ ಏರಿದೆ ಎನ್ನಲು ಆಧಾರ ಸಿಗಲಿಲ್ಲ. ಬಿಪಿ, ಶುಗರ್, ಧೂಮಪಾನದಂಥ ಗೊತ್ತಿರುವ ಕಾರಣಗಳ ಕಡೆಗೇ ಅದು ಕೈ ತೋರಿಸಿತು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಹೀಗೇ ಜನ ಹೃದಯ ತಪಾಸಣೆಗೆ ಮುಗಿಬಿದ್ದಿದ್ದರು.

ಮಕ್ಕಳನ್ನು ಎರಡು ಪ್ರಶ್ನೆ ಕೇಳಿ. ಆ ಸಾಲಿನಲ್ಲಿ ನಿಲ್ಲುವ ಹಾಗೆ ಮಾಡಿದ್ದು ಯಾವುದು? ನಿಮ್ಮ ಮನೆಯಲ್ಲಿ ಆ ತಿಂಗಳು ಬದಲಾದ ಯಾವ ಅಭ್ಯಾಸ ಇವತ್ತಿಗೂ ಉಳಿದಿದೆ? ಮೊದಲನೆಯದಕ್ಕೆ ಉತ್ತರ ಥಟ್ಟನೆ ಬರುತ್ತದೆ: ‘ನಮ್ಮೂರಲ್ಲೇ, ನಮ್ಮ ವಯಸ್ಸಿನವರಿಗೇ ಆಗ್ತಿದೆ’ ಅನ್ನಿಸಿದ್ದು. ಎರಡನೆಯದಕ್ಕೆ ತರಗತಿ ಯೋಚನೆಗೆ ಬೀಳುತ್ತದೆ. ಒಂದು ಎಚ್ಚರಿಕೆ. ಆ ಸಮಯದಲ್ಲಿ ಮನೆಯವರನ್ನು ಕಳೆದುಕೊಂಡ ಮಕ್ಕಳು ನಿಮ್ಮ ಮುಂದೆ ಕೂತಿರಬಹುದು. ಈ ಚರ್ಚೆ ಬರುತ್ತದೆ ಎಂದು ಹಿಂದಿನ ದಿನವೇ ತಿಳಿಸಿ. ಬೇಡ ಅನ್ನಿಸಿದವರಿಗೆ ಬೇರೆ ಕೆಲಸ ಕೊಡಿ, ಕಾರಣ ಕೇಳಬೇಡಿ.

ಆಮೇಲೆ 1965ರ ಪ್ರಯೋಗಕ್ಕೆ ಬನ್ನಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಹೋವರ್ಡ್ ಲೆವೆಂತಾಲ್ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಬಗ್ಗೆ ಓದಲು ಕೊಟ್ಟರು. ಕೆಲವರಿಗೆ ತುಂಬ ಹೆದರಿಸುವ ಬರಹ, ಕೆಲವರಿಗೆ ಸೌಮ್ಯವಾದದ್ದು. ಹೆದರಿದವರು ಚುಚ್ಚುಮದ್ದು ಹಾಕಿಸಿಕೊಳ್ಳುತ್ತೇವೆ ಎಂದು ಜೋರಾಗಿಯೇ ಹೇಳಿದರು. ನಿಜವಾಗಿ ಹೋದವರನ್ನು ಲೆಕ್ಕ ಹಾಕಿದಾಗ ಭಯ ಜಾಸ್ತಿಯೋ ಕಡಿಮೆಯೋ ಅನ್ನುವುದರಿಂದ ಹೆಚ್ಚು ವ್ಯತ್ಯಾಸ ಬಂದಿರಲಿಲ್ಲ. ವ್ಯತ್ಯಾಸ ತಂದದ್ದು ಒಂದು ನಕ್ಷೆ. ಆರೋಗ್ಯ ಕೇಂದ್ರಕ್ಕೆ ಸುತ್ತು ಹಾಕಿದ ಕ್ಯಾಂಪಸ್ ನಕ್ಷೆ ಕೊಟ್ಟು, ವಾರದ ವೇಳಾಪಟ್ಟಿಯಲ್ಲಿ ಯಾವಾಗ ಹೋಗಬಹುದು ಎಂದು ಯೋಚಿಸಲು ಹೇಳಿದ ಗುಂಪಿನಲ್ಲಿ 100ಕ್ಕೆ ಸುಮಾರು 28 ಮಂದಿ ಹೋದರು. ಇದಿಲ್ಲದ ಗುಂಪಿನಲ್ಲಿ ಸುಮಾರು 3 ಮಂದಿ. ಬರೀ ನಕ್ಷೆ ಸಿಕ್ಕು ಧನುರ್ವಾಯುವಿನ ಬಗ್ಗೆ ಏನೂ ಓದದವರೂ ಹೋಗಲಿಲ್ಲ ಅನ್ನುವುದನ್ನು ಮರೆಯದೆ ಹೇಳಿ. ಸ್ವಲ್ಪ ಕಳವಳ ಬೇಕು. ಅದರ ಜೊತೆಗೆ ದಾರಿಯೂ ಬೇಕು.

ಈಗ ತಲೆಬುರುಡೆಯ ಪೋಸ್ಟರನ್ನು ಮತ್ತೆ ಮಾಡಿಸಿ. ಈ ಸಲ ಅದರಲ್ಲಿ ಯಾವ ವಾರ, ಎಷ್ಟು ಗಂಟೆಗೆ, ಯಾವ ಕೊಠಡಿ, ಏನು ತರಬೇಕು, ವಾಪಸ್ ಬಸ್ ಎಷ್ಟಕ್ಕೆ ಇವೆಲ್ಲ ಇರಬೇಕು.

ಹಂತ 4: ಕಾಯಿಲೆಯ ಬಗ್ಗೆ ಜನ ಇಟ್ಟುಕೊಂಡ ಲೆಕ್ಕ

ಪಠ್ಯದಲ್ಲಿ ಇದಕ್ಕೆ ಕಡಿಮೆ ಜಾಗ ಇರುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ಜೀವಾಳ ಇದೇ. ಲೆವೆಂತಾಲ್ ಮುಂದೆ ಕಟ್ಟಿದ ವಿಚಾರ ಸರಳ. ಪ್ರತಿಯೊಬ್ಬರಿಗೂ ತಮ್ಮ ಕಾಯಿಲೆಯ ಬಗ್ಗೆ ಒಂದು ಸ್ವಂತ ತಿಳುವಳಿಕೆ ಇರುತ್ತದೆ, ಅದರ ಪ್ರಕಾರವೇ ನಡೆಯುತ್ತಾರೆ. ಅದರಲ್ಲಿ ಐದು ಅಂಶಗಳು. ಇದು ಏನು, ಯಾಕೆ ಬಂತು, ಎಷ್ಟು ದಿನ ಇರುತ್ತದೆ, ಇದರಿಂದ ಏನಾಗುತ್ತದೆ, ಇದಕ್ಕೆ ಏನು ಮಾಡಬಹುದು.

ಸಾಸಿವೆ ಡಬ್ಬಿಯ ಅಜ್ಜಿಗೆ ಈ ಐದನ್ನೂ ಹಾಕಿ ನೋಡಿ. ಬಿಪಿ ಅಂದರೆ ತಲೆ ಗಿರ್ರ್ ಅನ್ನುವುದು. ಬಂದದ್ದು ಯೋಚನೆಯಿಂದ, ಬಿಸಿಲಿನಿಂದ. ಅದು ಬಂದು ಹೋಗುವ ಕಾಯಿಲೆ, ಜ್ವರದ ಹಾಗೆ. ಇಷ್ಟು ನಂಬಿದವರು ತಲೆ ತಿರುಗಿದ ದಿನ ಮಾತ್ರ ಮಾತ್ರೆ ನುಂಗುವುದು ತರ್ಕಬದ್ಧವೇ. 1985ರಲ್ಲಿ ಮೆಯರ್, ಲೆವೆಂತಾಲ್, ಗಟ್‌ಮನ್ ಅಮೆರಿಕದ ಬಿಪಿ ರೋಗಿಗಳಲ್ಲಿ ಇದನ್ನೇ ಕಂಡರು. ‘ಬಿಪಿ ಏರಿದ್ದು ಸಾಮಾನ್ಯವಾಗಿ ಜನರಿಗೆ ಗೊತ್ತಾಗುವುದಿಲ್ಲ’ ಎಂದು ಒಪ್ಪಿದವರೇ ‘ನನಗೆ ಮಾತ್ರ ಗೊತ್ತಾಗುತ್ತದೆ’ ಎನ್ನುತ್ತಿದ್ದರು. ದೀರ್ಘಕಾಲದ ಕಾಯಿಲೆಗಳಲ್ಲಿ ಹೇಳಿದಂತೆ ಔಷಧಿ ತೆಗೆದುಕೊಳ್ಳುವವರು ಮುಂದುವರಿದ ದೇಶಗಳಲ್ಲೂ ಸರಾಸರಿ ಅರ್ಧದಷ್ಟೇ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲಿ ಹೇಳಿದೆ. ಈ ಮಾತು ತರಗತಿಗೆ ಬೇಕು. ಮಾತ್ರೆ ಬಿಡುವುದು ಹಳ್ಳಿಯವರ, ಓದದವರ ಗುಣ ಎಂಬ ಭಾವನೆ ಮಕ್ಕಳ ಮನಸ್ಸಿನಲ್ಲಿ ಸದ್ದಿಲ್ಲದೆ ಕೂತಿರುತ್ತದೆ.

ಇಲ್ಲಿ ಸಂದರ್ಶನ ಮಾಡಿಸಿ. ಶುಗರ್, ಬಿಪಿ, ಮಂಡಿನೋವು, ಅಸ್ತಮಾ ಯಾವುದಾದರೂ ಆಗಬಹುದು. ಐದು ಅಂಶಗಳನ್ನು ಪ್ರಶ್ನೆಪತ್ರಿಕೆಯ ಹಾಗೆ ಓದಬಾರದು, ಮಾತಿನ ನಡುವೆ ಕೇಳಬೇಕು. ‘ಇದು ಮೊದ್ಲು ಹೆಂಗೆ ಗೊತ್ತಾಯ್ತು?’ ‘ಯಾಕೆ ಬಂತು ಅನ್ಸುತ್ತೆ?’ ‘ಹುಷಾರಾದ್ಮೇಲೆ ಮಾತ್ರೆ ಬಿಡಬಹುದಾ?’ ‘ಬೇರೆ ಏನೇನು ಮಾಡಿ ನೋಡಿದ್ರಿ?’ ಕೊನೆಯ ಪ್ರಶ್ನೆಗೆ ಹರಕೆ, ದೃಷ್ಟಿ ತೆಗೆಸಿದ್ದು, ನಾಟಿ ಔಷಧಿ, ಮೆಡಿಕಲ್ ಶಾಪಿನವರು ಕೊಟ್ಟ ಮಾತ್ರೆ, ಯಾರೋ ಹೇಳಿದ ಮೆಂತ್ಯದ ನೀರು ಎಲ್ಲವೂ ಬರುತ್ತವೆ. ಮಕ್ಕಳು ನಗದೆ ಬರೆದುಕೊಳ್ಳಲಿ. ಜನ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು ಕಡಿಮೆ. ಆಸ್ಪತ್ರೆಯ ಚೀಟಿಯೂ ಇರುತ್ತದೆ, ದೇವಸ್ಥಾನದ ತೀರ್ಥವೂ ಇರುತ್ತದೆ. ಯಾವುದು ಮಾತ್ರೆಗೆ ಅಡ್ಡಿ, ಯಾವುದು ಬರೀ ಧೈರ್ಯಕ್ಕೆ ಎಂದು ಬೇರೆ ಮಾಡಿ ನೋಡಲು ಕಲಿಸಿ.

ಹಂತ 5: ಮನಸ್ಸಿನಿಂದ ಹೊರಗೆ ಬನ್ನಿ

ಇಲ್ಲಿಯವರೆಗೆ ಎಲ್ಲವೂ ವ್ಯಕ್ತಿಯ ತಲೆಯೊಳಗಿನ ವಿಷಯ. ಅಲ್ಲೇ ನಿಲ್ಲಿಸಿದರೆ ಪಾಠ ಅರ್ಧವಾಗುತ್ತದೆ.

ಐಸೆಕ್ ಐಜನ್ ಅವರ ಯೋಜಿತ ವರ್ತನೆಯ ಸಿದ್ಧಾಂತದಿಂದ ಶುರು ಮಾಡಬಹುದು. ಒಬ್ಬರ ಉದ್ದೇಶವನ್ನು ಮೂರು ವಿಷಯ ರೂಪಿಸುತ್ತವೆ ಎನ್ನುತ್ತಾರೆ ಅವರು. ಆ ಕೆಲಸದ ಬಗ್ಗೆ ತನ್ನ ಭಾವನೆ, ಹತ್ತಿರದವರು ಏನನ್ನುತ್ತಾರೋ ಎಂಬುದು, ತನ್ನ ಹಿಡಿತದಲ್ಲಿ ಎಷ್ಟಿದೆ ಎಂಬ ಅಂದಾಜು. ಎರಡನೆಯದಕ್ಕೆ ನಮ್ಮಲ್ಲಿ ಉದಾಹರಣೆ ಹುಡುಕಬೇಕಿಲ್ಲ. ಮನೆಗೆ ಬಂದವರಿಗೆ ಎಲೆ ಅಡಿಕೆ ತಟ್ಟೆ ಇಡದಿದ್ದರೆ ಏನಂದುಕೊಂಡಾರು? ಬೀಗರ ಮನೆಯಲ್ಲಿ ‘ಕಾಫಿಗೆ ಸಕ್ಕರೆ ಬೇಡ’ ಅನ್ನುವುದು ಹೇಗೆ?

ತಂಬಾಕಿನ ಪಾಠವನ್ನು ಹಾಸನದಲ್ಲಿ ಬಹಳ ಜೋಪಾನವಾಗಿ ಮಾಡಬೇಕು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಹರಾಜು ಮಾರುಕಟ್ಟೆ ಇದೆ. ನಿಮ್ಮ ತರಗತಿಯ ಕೆಲವರ ಫೀಸು ಹೊಗೆಸೊಪ್ಪಿನ ದುಡ್ಡಿನಿಂದ ಬಂದಿರುತ್ತದೆ. ಸೊಪ್ಪು ಹದ ಮಾಡುವ ಬ್ಯಾರನ್ನಿನ ಬೆಂಕಿ ಕಾಯುತ್ತ ಓದಿದ ಮಕ್ಕಳು ಅವರು. ಅವರ ಮುಂದೆ ತಂಬಾಕನ್ನು ಬರೀ ಕೆಟ್ಟ ಚಟ ಎಂದು ಹೇಳಿ ಮುಗಿಸಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ, ಅದು ಸಹಜ. ಬೆಳೆಯುವವರ ಆರೋಗ್ಯದಿಂದ ಮಾತು ಶುರು ಮಾಡಿ. ಒದ್ದೆ ಸೊಪ್ಪು ಮುರಿಯುವಾಗ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ವಾಂತಿ, ತಲೆಸುತ್ತು ಬರುತ್ತದೆ. ‘ನಮ್ಮಮ್ಮಂಗೂ ಹಂಗಾಗುತ್ತೆ ಮೇಡಂ’ ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂದರೆ ಪಾಠ ಸರಿಯಾದ ದಾರಿ ಹಿಡಿದಿದೆ. ಅಲ್ಲಿಂದ ಬೆಲೆ, ಸಾಲ, ಪರ್ಯಾಯ ಬೆಳೆಯವರೆಗೂ ಹೋಗಿ. ಒಬ್ಬ ರೈತ ತಂಬಾಕು ಬೆಳೆಯುವುದನ್ನು ಬಿಡುವುದೂ ಒಬ್ಬ ಕೂಲಿಯವ ಹೊಗೆಸೊಪ್ಪು ಹಾಕುವುದನ್ನು ಬಿಡುವುದೂ ಬೇರೆ ಬೇರೆ ಪ್ರಶ್ನೆಗಳು ಎಂದು ಬಿಡಿಸಿ ತೋರಿಸಿ.

ಬಡತನ ಒಂದೇ ಕಾರಣ ಎಂದು ಮಕ್ಕಳು ತೀರ್ಮಾನಿಸಿಬಿಟ್ಟರೆ ಬ್ರಿಟನ್ನಿನ ವೈಟ್‌ಹಾಲ್ ಅಧ್ಯಯನ ಹೇಳಿ. 1967ರಲ್ಲಿ ಶುರುವಾದ ಇದು ಲಂಡನ್ನಿನ ಸರ್ಕಾರಿ ನೌಕರರ ಬಗ್ಗೆ. ಎಲ್ಲರಿಗೂ ಕೆಲಸ ಇತ್ತು, ಸಂಬಳ ಇತ್ತು, ಪುಕ್ಕಟೆ ಚಿಕಿತ್ಸೆ ಇತ್ತು. ಆದರೂ ಅತಿ ಕೆಳಗಿನ ದರ್ಜೆಯವರಲ್ಲಿ ಹೃದಯದ ಕಾಯಿಲೆಯಿಂದ ಸತ್ತವರ ಪ್ರಮಾಣ ಮೇಲಿನ ಅಧಿಕಾರಿಗಳಿಗಿಂತ ಸುಮಾರು 3 ಪಟ್ಟು. ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ಆ ಅಂತರ ಪೂರ್ತಿ ಹೋಗಲಿಲ್ಲ. ತನ್ನ ಕೆಲಸದ ಮೇಲೆ ತನಗೆಷ್ಟು ಹಿಡಿತ ಇದೆ ಅನ್ನುವುದೂ ಹೃದಯಕ್ಕೆ ಮುಖ್ಯ ಎಂಬ ವಿಚಾರಕ್ಕೆ ಮುಂದೆ ನಡೆದ ಎರಡನೇ ವೈಟ್‌ಹಾಲ್ ಅಧ್ಯಯನದಿಂದ ಬಲ ಸಿಕ್ಕಿತು.

ಎಲ್ಲವನ್ನೂ ಒಂದು ಚೌಕಟ್ಟಿಗೆ ತರಲು ಸುಸಾನ್ ಮಿಕಿ ಮತ್ತು ಸಂಗಡಿಗರು 2011ರಲ್ಲಿ ಕೊಟ್ಟ ಮಾದರಿ ಚೆನ್ನಾಗಿದೆ. ಸಾಮರ್ಥ್ಯ, ಅವಕಾಶ, ಪ್ರೇರಣೆ ಮೂರೂ ಕೂಡಿದರೆ ವರ್ತನೆ. ಇದಕ್ಕೆ ಶಕ್ತಿ ಯೋಜನೆ ಒಳ್ಳೆಯ ಅಭ್ಯಾಸ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ ಪುಕ್ಕಟೆ. ಆಸ್ಪತ್ರೆಗೆ ಹೋಗುವ ಬಸ್ ಖರ್ಚು ಅನ್ನೋ ಅಡ್ಡಿ ತೆಗೆದ ಹಾಗಾಯಿತು. ಆದರೆ ಸಕಲೇಶಪುರದ ಎಸ್ಟೇಟ್ ಲೈನ್ ಮನೆಯಿಂದ ಬಸ್ ಬರುವ ರಸ್ತೆಗೆ ಎಷ್ಟು ದೂರ? ಹೊರರೋಗಿ ವಿಭಾಗ ತೆರೆಯುವ ಹೊತ್ತಿಗೆ ತಲುಪಿಸುವ ಬಸ್ ಇದೆಯಾ? ಕೊಯ್ಲಿನ ದಿನದ ಕೂಲಿ ಹೋದರೆ? ಮಕ್ಕಳನ್ನು ಗುಂಪು ಮಾಡಿ, ಒಂದೊಂದು ಊರಿನಿಂದ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಬರುವ ಒಂದು ದಿನದ ಲೆಕ್ಕ ಹಾಕಿಸಿ. ಗಂಟೆ, ದುಡ್ಡು, ಮನೆಯಲ್ಲಿ ಮಗು ನೋಡಿಕೊಳ್ಳುವವರು ಎಲ್ಲ ಬರಲಿ.

ಹಂತ 6: ಬೇಗ ಮುಗಿಸಬಹುದಾದದ್ದು

ಪ್ರೊಚಾಸ್ಕಾ ಮತ್ತು ಡಿಕ್ಲೆಮೆಂಟಿ 1983ರಲ್ಲಿ ಕೊಟ್ಟ ಬದಲಾವಣೆಯ ಹಂತಗಳಿಗೆ (ಬಿಡುವ ಯೋಚನೆಯೇ ಇಲ್ಲದಲ್ಲಿಂದ, ಬಿಟ್ಟು ಅದನ್ನು ಉಳಿಸಿಕೊಳ್ಳುವವರೆಗೆ) ನಮ್ಮಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಸಮಯ ಹೋಗುತ್ತದೆ. ಚಿತ್ರ ಬಿಡಿಸಲು ಸುಲಭ, ಪರೀಕ್ಷೆಯಲ್ಲಿ ಕೇಳಲು ಸುಲಭ. ಆದರೆ ಜನ ಮೆಟ್ಟಿಲು ಹತ್ತಿದ ಹಾಗೆ ಬದಲಾಗುವುದಿಲ್ಲ. ‘ಬಿಡುವ ಯೋಚನೆಯೇ ಇಲ್ಲದವರಿಗೂ ನಾಳೆಯೇ ಬಿಡಬೇಕು ಎಂದಿರುವವರಿಗೂ ಒಂದೇ ಮಾತು ಆಡಬೇಡಿ’ ಎಂಬಷ್ಟು ಹಿಡಿದರೆ ಸಾಕು.

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ಹೇಳಿದ ‘ನನ್ನ ಕೈಲಾಗುತ್ತೆ’ ಅನ್ನೋ ನಂಬಿಕೆಗೆ ಅದಕ್ಕಿಂತ ಜಾಸ್ತಿ ಹೊತ್ತು ಕೊಡಿ. ಅದು ನಾಲ್ಕು ಕಡೆಯಿಂದ ಬರುತ್ತದೆ. ತಾನೇ ಮಾಡಿ ಗೆದ್ದದ್ದು, ತನ್ನಂಥವರು ಮಾಡಿದ್ದನ್ನು ನೋಡಿದ್ದು, ಬೇರೆಯವರ ಪ್ರೋತ್ಸಾಹ, ಆ ಹೊತ್ತಿನ ಮೈಮನಸ್ಸಿನ ಸ್ಥಿತಿ. ಹೆಚ್ಚು ಬಲ ಮೊದಲನೆಯದಕ್ಕೆ. ಎರಡನೆಯದಕ್ಕೆ ಸ್ತ್ರೀಶಕ್ತಿ ಸಂಘದ ಸಭೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಪಕ್ಕದ ಮನೆಯ ಅಕ್ಕ ತೋರಿಸಿದರೆ ಅದರ ಬಲವೇ ಬೇರೆ.

ಹಂತ 7: ಮಾತಾಡುವುದನ್ನು ಕಲಿಸಿ

ಈ ಮಕ್ಕಳಲ್ಲಿ ಕೆಲವರು ನರ್ಸ್, ಶಿಕ್ಷಕಿ, ಆಪ್ತಸಮಾಲೋಚಕರಾಗುತ್ತಾರೆ. ಉಳಿದವರು ಮನೆಯಲ್ಲಿ ಮಾತಾಡುತ್ತಾರೆ. ಹಾಗಾಗಿ ಮಾತಿನ ಅಭ್ಯಾಸ ಬೇಕೇ ಬೇಕು. ವಿಲಿಯಂ ಮಿಲ್ಲರ್ 1983ರಲ್ಲಿ ಶುರು ಮಾಡಿದ, ಆಮೇಲೆ ಸ್ಟೀಫನ್ ರೋಲ್ನಿಕ್ ಜೊತೆ ಬೆಳೆಸಿದ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಪದ್ಧತಿಯ ತಿರುಳು ಇದು: ಬದಲಾಗಲು ಬೇಕಾದ ಕಾರಣ ಆ ವ್ಯಕ್ತಿಯ ಬಾಯಿಂದಲೇ ಬರಬೇಕು.

ಇಬ್ಬರನ್ನು ಮುಂದೆ ಕೂರಿಸಿ ಎರಡು ಸಲ ಮಾಡಿಸಿ. ಒಬ್ಬರು ಊರಿನ ಉಪಕೇಂದ್ರದ ಸಿಸ್ಟರ್, ಇನ್ನೊಬ್ಬರು ಅಜ್ಜಿ. ಮೊದಲ ಸಲ:

‘ಅಜ್ಜಿ, ಮಾತ್ರೆ ದಿನಾ ತಗೊಳ್ತಿದೀರಾ?’
‘ತಗೊತೀನಿ ಕಣವ್ವ, ತಲೆ ಗಿರ್ರ್ ಅಂದಾಗ.’
‘ಅಯ್ಯೋ, ಹಂಗೆಲ್ಲ ಮಾಡ್ಬಾರ್ದು. ಲಕ್ವ ಹೊಡೆದ್ರೆ ಯಾರು ನೋಡ್ಕೋತಾರೆ? ದಿನಾ ತಗೋಬೇಕು, ಗೊತ್ತಾಯ್ತಾ?’
‘ಹೂಂ, ಆಯ್ತು ಬುಡವ್ವ.’

ಸಿಸ್ಟರ್ ಸರಿಯಾದ್ದನ್ನೇ ಹೇಳಿದರು. ಅಜ್ಜಿ ಮಾತು ಮುಗಿಸಿದರು. ಈಗ ಎರಡನೆಯ ಸಲ:

‘ತಲೆ ಗಿರ್ರ್ ಅನ್ನದ ದಿನ ಹೆಂಗಿರ್ತೀರಾ ಅಜ್ಜಿ?’
‘ಚೆಂದಾಗೇ ಇರ್ತೀನಿ. ಅವತ್ತು ಸುಮ್ನೆ ಯಾಕೆ ನುಂಗೋದು? ಇರೋದೇ ಒಂದಿಷ್ಟು. ಮುಗಿದ್ರೆ ಮತ್ತೆ ಹೋಗಿ ಸಾಲು ನಿಲ್ಲಬೇಕು, ಮಂಡಿ ಬೇರೆ ನೋವು.’
‘ಮಂಡಿ ನೋವಲ್ಲಿ ನಿಲ್ಲೋದು ಕಷ್ಟನೇ. ಮುಗೀದೇ ಇರ್ಲಿ ಅಂತ ಜೋಪಾನ ಮಾಡ್ತಿದೀರಾ.’
‘ಹೂಂ ಮತ್ತೆ. ನಮ್ಮ ಯಜಮಾನ್ರು ಲಕ್ವ ಹೊಡೆದು ಮಲಗಿದಲ್ಲೇ ಹೋದ್ರು. ನಂಗೆ ಹಂಗಾಗಬಾರ್ದು.’
‘ಹಂಗಾಗಬಾರ್ದು ಅಂತಾನೇ ಮಾತ್ರೆ ಇಟ್ಕೊಂಡಿದೀರಾ. ಒಂದು ಮಾತು ಹೇಳ್ಲಾ ಅಜ್ಜಿ?’
‘ಹೇಳವ್ವ.’
‘ತಲೆ ತಿರುಗದೇ ಇದ್ರೂ ಒಳಗೆ ಬಿಪಿ ಏರಿರ್ಬಹುದು. ಇವತ್ತು ಚೆಂದಾಗಿದೀರಲ್ಲ, ಈಗ್ಲೇ ಒಂದ್ಸಲ ನೋಡಣ್ವಾ?’

ಲಕ್ವದ ಮಾತು ಎರಡರಲ್ಲೂ ಬಂತು. ಮೊದಲನೆಯದರಲ್ಲಿ ಸಿಸ್ಟರ್ ಬಾಯಿಂದ, ಎರಡನೆಯದರಲ್ಲಿ ಅಜ್ಜಿಯ ಬಾಯಿಂದ. ಸಾಲು, ಮಂಡಿನೋವು ಎರಡನೆಯದರಲ್ಲಿ ಮಾತ್ರ ಹೊರಬಂದವು. ಮಾತ್ರೆ ಮನೆ ಹತ್ತಿರಕ್ಕೇ ಸಿಗುವ ಹಾಗೆ ಮಾಡಿದರೆ ಅರ್ಧ ಸಮಸ್ಯೆ ಮುಗಿಯಬಹುದು ಎಂದು ಆಗ ಗೊತ್ತಾಗುತ್ತದೆ. ಯಂತ್ರ ತೋರಿಸುವ ಅಂಕಿ ಅಜ್ಜಿಯ ಲೆಕ್ಕವನ್ನು ಮುಟ್ಟುತ್ತದೆ, ಬರೀ ಉಪದೇಶ ಮುಟ್ಟುವುದಿಲ್ಲ. ಮಾತ್ರೆಯ ಪ್ರಮಾಣ ಬದಲಿಸುವ ಮಾತು ಬಂದರೆ ಅದು ವೈದ್ಯರ ಕೆಲಸ, ಅಲ್ಲಿಗೆ ಕಳಿಸಬೇಕು ಎಂಬುದನ್ನೂ ಇಲ್ಲೇ ಕಲಿಸಿ.

ಜೋಡಿಗಳು ಬದಲಾಗುತ್ತ ಎಲ್ಲರೂ ಮಾಡಲಿ. ಅವರವರ ಮನೆಯ ಕನ್ನಡದಲ್ಲೇ ಮಾಡಲಿ.

ಹಂತ 8: ತಮ್ಮ ಮೇಲೆಯೇ ಪ್ರಯೋಗ

ಪ್ರತಿ ವಿದ್ಯಾರ್ಥಿಯೂ ಒಂದು ಚಿಕ್ಕ ಅಭ್ಯಾಸ ಆರಿಸಿಕೊಂಡು ಎಂಟು ವಾರ ದಾಖಲಿಸಲಿ. ತೂಕ ಇಳಿಸುವುದು, ಊಟ ಬಿಡುವುದು ಇದರಲ್ಲಿ ಬೇಡವೇ ಬೇಡ. ಮೈಯ ಬಗ್ಗೆ ಮೊದಲೇ ನೊಂದ ಮಕ್ಕಳಿಗೆ ಅದು ಕೆಡುಕು ಮಾಡುತ್ತದೆ.

ಅಭ್ಯಾಸವನ್ನು ಪೀಟರ್ ಗೋಲ್‌ವಿಟ್ಜರ್ ಹೇಳಿದ ರೀತಿ ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂದು ಬರೆಯಿಸಿ. ‘ಜಾಸ್ತಿ ನಡೆಯುತ್ತೇನೆ’ ಅಂದರೆ ಆಗಲಿಲ್ಲ. ‘ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಆಟೋ ಹತ್ತದೆ ಕಾಲೇಜಿಗೆ ನಡೆಯುತ್ತೇನೆ’ ಅಂದರೆ ಸರಿ. ‘21 ದಿನ ಮಾಡಿದರೆ ಅಭ್ಯಾಸ ಆಗುತ್ತೆ’ ಅನ್ನೋ ವಾಟ್ಸಾಪ್ ಮಾತನ್ನೂ ಇಲ್ಲೇ ಪರೀಕ್ಷಿಸಿ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಭ್ಯಾಸ ಗಟ್ಟಿಯಾಗಲು ಬೇಕಾದದ್ದು ಸರಾಸರಿ 66 ದಿನ. ಕೆಲವರಿಗೆ 18, ಇನ್ನು ಕೆಲವರಿಗೆ 254 ದಿನ ಎಂಬ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಎಲ್ಲ ಹೋಯಿತು ಅಂತಲೂ ಇಲ್ಲ. ಇದನ್ನು ಕೇಳಿದ ಮಕ್ಕಳ ಮುಖದಲ್ಲಿ ನಿರಾಳ ಕಾಣುತ್ತದೆ.

ಇದರ ಜೊತೆ ಉಪ್ಪಿನ ಲೆಕ್ಕ ಮಾಡಿಸಿ. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಲ್ಕು ಜನರ ಮನೆಗೆ ತಿಂಗಳಿಗೆ 600 ಗ್ರಾಂ ಆಯಿತು. ಮನೆಯ ಒಂದು ಕೆಜಿ ಪ್ಯಾಕೆಟ್ಟಿನ ಮೇಲೆ ತಾರೀಖು ಬರೆದಿಟ್ಟು ಎಷ್ಟು ದಿನ ಬಂತು ನೋಡಲಿ. ದನದ ಕಲಗಚ್ಚಿಗೆ ಹಾಕಿದ್ದು, ವರ್ಷದ ಉಪ್ಪಿನಕಾಯಿಗೆ ಸುರಿದದ್ದು ಕಳೆಯಬೇಕು. ಹೋಟೆಲ್, ಬೇಕರಿ, ಚಿಪ್ಸ್ ಪ್ಯಾಕೆಟ್ಟಿನಲ್ಲಿ ಒಳಗೆ ಹೋದದ್ದು ಕೂಡಬೇಕು. ಆಮೇಲೆ ಮುಖ್ಯ ಪ್ರಶ್ನೆ: ಈ ಮನೆಯಲ್ಲಿ ಸಾರಿಗೆ ಉಪ್ಪು ಎಷ್ಟು ಎಂದು ತೀರ್ಮಾನಿಸುವವರು ಯಾರು? ಕಡಿಮೆ ಹಾಕಿದರೆ ಬೈಸಿಕೊಳ್ಳುವವರು ಯಾರು? ಉಪ್ಪು ಕಡಿಮೆ ತಿನ್ನಿ ಎಂದು ಡಾಕ್ಟರು ಹೇಳುವುದು ಗಂಡನಿಗೆ. ಆ ಸಲಹೆ ಪಾಲಿಸಬೇಕಾದವಳು ಅಡುಗೆ ಮಾಡುವವಳು. ಆರೋಗ್ಯ ವರ್ತನೆ ಒಬ್ಬರದೇ ಅಲ್ಲ ಅನ್ನುವುದನ್ನು ತೋರಿಸಲು ಇದು ಚೆನ್ನಾಗಿ ಒದಗುತ್ತದೆ.

ಈ ಎಂಟು ವಾರಗಳಲ್ಲಿ ಯಾರಾದರೂ ಕುಗ್ಗಿದಂತೆ ಕಂಡರೆ ಪಕ್ಕಕ್ಕೆ ಕರೆದು ಮಾತಾಡಿ. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಮೊದಲ ದಿನವೇ ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಕನ್ನಡದಲ್ಲೂ ಮಾತಾಡುತ್ತಾರೆ.

ಹಂತ 9: ಅಂಕ ಕೊಡುವುದು ಹೇಗೆ

ವಿಶ್ವವಿದ್ಯಾಲಯದ ಪರೀಕ್ಷೆ ಹೇಗೂ ಇರುತ್ತದೆ. ನಿಮ್ಮ ಕೈಯಲ್ಲಿರುವ ಆಂತರಿಕ ಅಂಕಗಳನ್ನು ಬೇರೆ ರೀತಿ ಬಳಸಿ. ನಾನು ಕೇಳುವ ಒಂದು ಪ್ರಶ್ನೆ ಹೀಗಿರುತ್ತದೆ: ‘ಸಕಲೇಶಪುರದ ಎಸ್ಟೇಟಿನಲ್ಲಿ ಕೆಲಸ ಮಾಡುವ, 45 ವರ್ಷದ ಒಬ್ಬ ಹೆಂಗಸಿಗೆ ಶುಗರ್ ಇದೆ ಎಂದು ಕ್ಯಾಂಪಿನಲ್ಲಿ ಗೊತ್ತಾಗಿದೆ. ಆರು ತಿಂಗಳಾದರೂ ಆಸ್ಪತ್ರೆಗೆ ಹೋಗಿಲ್ಲ. ಕಾರಣ ಏನಿರಬಹುದು? ತಿಳಿಯಲು ಅವರನ್ನು ಏನು ಕೇಳುತ್ತೀರಿ? ಮೊದಲ ಹೆಜ್ಜೆಯಾಗಿ ಯಾವ ಒಂದು ಬದಲಾವಣೆ ಸೂಚಿಸುತ್ತೀರಿ, ಅದನ್ನು ಯಾರು ಮಾಡಬೇಕು?’

ಸಿದ್ಧಾಂತದ ಹೆಸರು, ವರ್ಷ ಬರೆದದ್ದಕ್ಕೆ ಕಡಿಮೆ ಅಂಕ ಇಡಿ. ಕಾರಣಗಳಲ್ಲಿ ತಲೆಯೊಳಗಿನದು, ಮನೆಯದು, ಹೊರಗಿನದು ಮೂರೂ ಬಂದಿವೆಯಾ ನೋಡಿ. ಪ್ರಶ್ನೆಗಳು ಆ ಹೆಂಗಸಿನ ಮುಂದೆ ಕೂತು ನಿಜವಾಗಿ ಕೇಳಬಹುದಾದ ಕನ್ನಡದಲ್ಲಿವೆಯಾ ನೋಡಿ. ‘ನಿಮಗೆ ಆರೋಗ್ಯದ ಬಗ್ಗೆ ಅರಿವಿದೆಯೇ?’ ಎಂಬ ಪ್ರಶ್ನೆಗೆ ಅಂಕ ಬೇಡ. ‘ಕ್ಯಾಂಪಲ್ಲಿ ಶುಗರ್ ಅಂದಾಗ ಏನನ್ನಿಸ್ತು ಅಕ್ಕಾ?’ ಎಂದು ಬರೆದವರಿಗೆ ಧಾರಾಳವಾಗಿ ಕೊಡಿ. ಕೊನೆಯ ಭಾಗದಲ್ಲಿ ಬದಲಾಗಬೇಕಾದವರು ಆ ಹೆಂಗಸು ಒಬ್ಬರೇ ಎಂದು ಬರೆದಿದ್ದರೆ ಉತ್ತರ ಪತ್ರಿಕೆ ವಾಪಸ್ ಕೊಟ್ಟು ಇನ್ನೊಮ್ಮೆ ಬರೆಯಲು ಹೇಳಿ. ಎರಡನೆಯ ಸಲ ಎಸ್ಟೇಟ್ ಮೇಸ್ತ್ರಿ, ಆಸ್ಪತ್ರೆಯ ಸಮಯ, ಮನೆಯ ಗಂಡಸರು ಎಲ್ಲ ಉತ್ತರದೊಳಗೆ ಬರುತ್ತಾರೆ.